ಅಗಲ ಸೊನ್ನೆ ಯಾಕೆ ಬರುತ್ತೆ? ಆಂಡ್ರಾಯ್ಡ್‌ನಲ್ಲಿ ಲೇಔಟ್ ಆದ ಮೇಲೆ ಅಳತೆ ತೆಗೆಯುವ ಕ್ರಮ

ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ಸಂಜೆ ಹೊತ್ತು ಕಾಟ್ಲಿನ್ (ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ) ಹೇಳಿಕೊಡುತ್ತೇನೆ. ಈ ಸಲದ ಬ್ಯಾಚ್‌ಗೆ ಕೊಟ್ಟ ಕೆಲಸ ಊರಿನದ್ದೇ: ಜೀನ್ಸ್ ಯೂನಿಟ್‌ನಲ್ಲಿ ಯಾವ ಆರ್ಡರ್ ಎಲ್ಲಿಗೆ ಬಂತು ಅಂತ ತೋರಿಸುವ ಆ್ಯಪ್. ಮೇಲ್ಗಡೆ ಐದು ಹೆಸರು. ಕಟಿಂಗ್, ಹೊಲಿಗೆ, ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ಆರ್ಡರ್ ಎಲ್ಲಿದೆಯೋ ಆ ಹೆಸರಿನ ಕೆಳಗೆ ಒಂದು ನೀಲಿ ಗೆರೆ. ಗೆರೆ ಆ ಪದದಷ್ಟೇ ಅಗಲ ಇರಬೇಕು, ಜಾಸ್ತಿಯೂ ಬೇಡ, ಕಮ್ಮಿಯೂ ಬೇಡ.

ಒಂದೇ ವಾರದಲ್ಲಿ ಐದು ಜನ ಬಂದು ಅದೇ ಮಾತು ಹೇಳಿದರು: "ಸರ್, ಗೆರಿ ಬರವಲ್ದು." ಐದೂ ಜನರ ಕೋಡ್ ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಲೇಔಟ್ ಆಗುವ ಮುಂಚೆ, ಅಂದರೆ ಪರದೆಯಲ್ಲಿ ಯಾವುದಕ್ಕೆ ಎಷ್ಟು ಜಾಗ ಅಂತ ಫೋನ್ ತೀರ್ಮಾನಿಸುವ ಮುಂಚೆಯೇ ಅಳತೆ ಕೇಳಿದ್ದರು, ಉತ್ತರ ಸೊನ್ನೆ ಬಂದಿತ್ತು. ಅದನ್ನು ಸರಿಮಾಡಲು ಹೋಗಿ ಇನ್ನೂ ನಾಲ್ಕು ತಪ್ಪು ಸೇರಿಸಿಕೊಂಡಿದ್ದರು. ಹಾಗಾಗಿ ಮೊದಲಿನಿಂದ, ಒಂದಾದ ಮೇಲೊಂದು ಬರೆಯುತ್ತಿದ್ದೇನೆ.

ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಇಂಗ್ಲಿಷ್‌ನಲ್ಲಿ ಮೊದಲ ನಾಲ್ಕೈದು ಅಕ್ಷರ ಒತ್ತಿದರೆ ಪೂರ್ತಿ ಹೆಸರು ತಾನೇ ಬರುತ್ತದೆ, ಹುಡುಕೋ ಕಷ್ಟ ಇಲ್ಲ.

## ಶುರು ಮಾಡುವ ಮುಂಚೆ ಬೇಕಾಗುವುದು

ಆಂಡ್ರಾಯ್ಡ್ ಸ್ಟುಡಿಯೋ, ಪ್ರಾಜೆಕ್ಟ್‌ನಲ್ಲಿ ಕೋರ್ ಕೆಟಿಎಕ್ಸ್ ಲೈಬ್ರರಿ, ಮತ್ತೆ ಕೈಯಲ್ಲಿ ಒಂದು ನಿಜವಾದ ಫೋನ್. ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ನಕಲಿ ಫೋನ್) ಒಂದನ್ನೇ ನಂಬಬೇಡಿ. ಮನೆಯಲ್ಲಿ ಬೇರೆ ಸೈಜಿನ ಇನ್ನೊಂದು ಹಳೇ ಫೋನ್ ಇದ್ದರೆ ಅದನ್ನೂ ಚಾರ್ಜಿಗೆ ಹಾಕಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಫೋನಿನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಅದರೊಳಗೆ 'ಶೋ ಲೇಔಟ್ ಬೌಂಡ್ಸ್' ಅಂತ ಇದೆ. ಆನ್ ಮಾಡಿದರೆ ಪ್ರತಿ ವ್ಯೂ (ಪರದೆ ಮೇಲಿನ ಬಟನ್, ಪದ, ಚಿತ್ರದಂಥ ಒಂದೊಂದು ತುಂಡು) ಸುತ್ತಲೂ ಗೆರೆ ಕಾಣುತ್ತದೆ. ನಿಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ಕಣ್ಣಲ್ಲೇ ಗೊತ್ತಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

## ಹಂತ 1: ಅಳೆಯಲೇಬೇಕಾ ಅಂತ ಕೇಳಿಕೊಳ್ಳಿ

ಹತ್ತರಲ್ಲಿ ಆರು ಸಲ ಬೇಡ. ಒಂದು ಬಟನ್ ಇನ್ನೊಂದರಷ್ಟೇ ಅಗಲ ಇರಬೇಕು, ಚಿತ್ರ ಪರದೆಯ ಅರ್ಧ ಇರಬೇಕು, ಚೌಕ ಚೌಕವಾಗಿಯೇ ಉಳಿಯಬೇಕು: ಇವೆಲ್ಲ ಕಾನ್‌ಸ್ಟ್ರೇಂಟ್ ಲೇಔಟ್‌ನಲ್ಲೇ ಆಗುತ್ತವೆ. ಅದರ ಬ್ಯಾರಿಯರ್, ಗೈಡ್‌ಲೈನ್, ಡೈಮೆನ್ಷನ್ ರೇಷಿಯೋ ನೋಡಿ. ಕೋಡ್‌ನಲ್ಲಿ ಅಳೆದು ಹಚ್ಚಿದ್ದು ಒಂದಲ್ಲ ಒಂದು ದಿನ ಕೈಕೊಡುತ್ತದೆ. ಲೇಔಟ್‌ಗೆ ಬಿಟ್ಟಿದ್ದು ಅಷ್ಟು ಬೇಗ ಕೈಕೊಡುವುದಿಲ್ಲ.

ನಮ್ಮ ಗೆರೆಯ ವಿಷಯ ಬೇರೆ. ಹೆಸರಿನ ಡಬ್ಬಿ ಅಗಲವಾಗಿದೆ, ಒಳಗಿನ ಪದ ಚಿಕ್ಕದು, ಗೆರೆ ಪದಕ್ಕೆ ಹೊಂದಬೇಕು, ಮೇಲೆ ಒಂದು ಹೆಸರಿಂದ ಇನ್ನೊಂದಕ್ಕೆ ಜಾರಬೇಕು. ಇದಕ್ಕೆ ಅಳೆಯಲೇಬೇಕು.

## ಹಂತ 2: ಸೊನ್ನೆಯನ್ನು ಕಣ್ಣಾರೆ ನೋಡಿ

ಏನನ್ನೂ ಸರಿಮಾಡುವ ಮುಂಚೆ ನಾಲ್ಕು ಕಡೆ ಲಾಗ್ (ಆ ಹೊತ್ತಿನ ಅಗಲ ಬರೆದು ತೋರಿಸುವ ಸಾಲು) ಹಾಕಿ: ಸ್ಕ್ರೀನ್ ಹುಟ್ಟುವಾಗ ಓಡುವ ಆನ್‌ಕ್ರಿಯೇಟ್‌ನಲ್ಲಿ, ಅದು ಮುಂದೆ ಬರುವಾಗ ಓಡುವ ಆನ್‌ರೆಸ್ಯೂಮ್‌ನಲ್ಲಿ, ಡೂಆನ್‌ಲೇಔಟ್ ಒಳಗೆ, ಡೂಆನ್‌ಪ್ರೀಡ್ರಾ ಒಳಗೆ (ಇವೆರಡರ ವಿವರ ಹಂತ 3ರಲ್ಲಿ). ನನ್ನ ಫೋನಿನಲ್ಲಿ 'ಇಸ್ತ್ರಿ' ಡಬ್ಬಿಗೆ ಬಂದದ್ದು ಇದು:

ಕ್ರಿಯೇಟ್: ಅಗಲ 0
ರೆಸ್ಯೂಮ್: ಅಗಲ 0
ಲೇಔಟ್: ಅಗಲ 216
ಪ್ರೀಡ್ರಾ: ಅಗಲ 216

ಫೋನಿನ ಅಗಲ 1080 ಪಿಕ್ಸೆಲ್, ಐದು ಡಬ್ಬಿಗೂ ಸಮಪಾಲು, ಅಂದರೆ ತಲಾ 216. ಲೆಕ್ಕ ಸರಿಯಾಗಿದೆ, ಬಂದದ್ದು ಮಾತ್ರ ತಡವಾಗಿ.

ಯಾಕೆ ಅಂದರೆ, ಆನ್‌ಕ್ರಿಯೇಟ್‌ನಲ್ಲಿ ಎಕ್ಸ್‌ಎಂಎಲ್ (ಪರದೆಯ ವಿನ್ಯಾಸ ಬರೆದ ಫೈಲ್) ಓದಿ ವ್ಯೂಗಳನ್ನು ಹುಟ್ಟಿಸುತ್ತಾರೆ, ಅಷ್ಟೇ. ಯಾರಿಗೆ ಎಷ್ಟು ಜಾಗ ಅಂತ ಇನ್ನೂ ತೀರ್ಮಾನ ಆಗಿರುವುದಿಲ್ಲ. ಮೊದಲು ಮೆಷರ್ (ಅಳೆಯುವುದು), ಆಮೇಲೆ ಲೇಔಟ್ (ಜಾಗದಲ್ಲಿ ಕೂರಿಸುವುದು), ಕೊನೆಗೆ ಡ್ರಾ (ಬರೆಯುವುದು): ಈ ಮೂರು ಸುತ್ತು ಮೊದಲ ಸಲ ನಡೆಯುವುದು ಆನ್‌ರೆಸ್ಯೂಮ್ ಮುಗಿದ ಮೇಲೆ. ಕಟಿಂಗ್ ಮಾಸ್ಟರ್‌ಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಟ್ಟೆ ವಾಷಿಂಗ್‌ಗೆ ಹೋಗಿ ಕುಗ್ಗಿ ಬಂದ ಮೇಲಿನ ಸೊಂಟದ ಅಳತೆಯೇ ಅಳತೆ, ಅದಕ್ಕೆ ಮುಂಚಿನದು ಬರೀ ಅಂದಾಜು.

ಇಲ್ಲಿ ಒಂದು ಬಲೆ ಇದೆ. ಆನ್‌ರೆಸ್ಯೂಮ್‌ನಲ್ಲಿ ಅಳೆದರೆ ಮೊದಲ ಸಲ ಸೊನ್ನೆ. ಆ್ಯಪ್‌ನಿಂದ ಹೊರಗೆ ಹೋಗಿ ವಾಪಸ್ ಬಂದರೆ 216, ಯಾಕಂದರೆ ಅಷ್ಟರಲ್ಲಿ ಲೇಔಟ್ ಆಗಿರುತ್ತದೆ. ವಾಟ್ಸಾಪ್ ನೋಡಿಕೊಂಡು ಬಂದು "ಈಗ ಬಂತು ಸರ್" ಅಂದರೆ ಸರಿಹೋಯಿತು ಅಂತಲ್ಲ.

ಸೊನ್ನೆಯ ಬದಲು -1 ಅಥವಾ -2 ಕಂಡರೆ ನೀವು ಲೇಔಟ್ ಪ್ಯಾರಮ್ಸ್ ಓದುತ್ತಿದ್ದೀರಿ. -1 ಅಂದರೆ ಮ್ಯಾಚ್ ಪೇರೆಂಟ್, -2 ಅಂದರೆ ರ‍್ಯಾಪ್ ಕಂಟೆಂಟ್. ಮೊದಲನೆಯದು ಹೊರ ಡಬ್ಬಿ (ಪೇರೆಂಟ್) ಎಷ್ಟಿದೆಯೋ ಅಷ್ಟು ಕೊಡು ಅಂತ, ಎರಡನೆಯದು ಒಳಗಿನದಕ್ಕೆ ಸಾಲುವಷ್ಟು ಕೊಡು ಅಂತ. ಅವು ಬೇಡಿಕೆಗಳು, ಅಳತೆಗಳಲ್ಲ.

## ಹಂತ 3: ಸರಿಯಾದ ಹೊತ್ತು ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಐದು ಜನರಲ್ಲಿ ಮೂವರು ಮಾಡಿದ್ದು 'ಪೋಸ್ಟ್ ಡಿಲೇಡ್' ಹಾಕಿ 500 ಮಿಲಿಸೆಕೆಂಡ್ ಕಾಯುವುದು. ಅವರ ಹೊಸ ಫೋನಿನಲ್ಲಿ ಗೆರೆ ಬಂತು. ಯೂನಿಟ್‌ನಲ್ಲಿ ಸೂಪರ್‌ವೈಸರ್ ಕೈಯಲ್ಲಿರುವ ನಾಲ್ಕು ವರ್ಷದ ಫೋನಿನಲ್ಲಿ ಕೆಲವು ಸಲ ಬಂತು, ಕೆಲವು ಸಲ ಇಲ್ಲ. ಅರ್ಧ ಸೆಕೆಂಡ್ ಒಂದು ಫೋನಿಗೆ ಸಿಕ್ಕಾಪಟ್ಟೆ ಜಾಸ್ತಿ, ಇನ್ನೊಂದಕ್ಕೆ ಸಾಲದು. ಕೋಡ್‌ನಲ್ಲಿ ಇಂಥ ಕಾಯುವ ಸಾಲು ಕಂಡರೆ ಮೊದಲು ಅಳಿಸಿ, ಆಮೇಲೆ ಮುಂದಿನದು ಓದಿ.

ಡೂಆನ್‌ಲೇಔಟ್ ಅನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಿ. ವ್ಯೂಗೆ ಆಗಲೇ ಲೇಔಟ್ ಆಗಿದ್ದು ಹೊಸದೇನೂ ಬಾಕಿ ಇಲ್ಲದಿದ್ದರೆ ಕೂಡಲೇ ಓಡುತ್ತದೆ. ಇಲ್ಲವಾದರೆ ಆಗುವವರೆಗೆ ಕಾಯುತ್ತದೆ. ಒಂದೇ ಸಲ ಓಡಿ ತಾನೇ ಕಳಚಿಕೊಳ್ಳುತ್ತದೆ. ಇದರ ಅಣ್ಣತಮ್ಮನಂತೆ ಕಾಣುವ ಡೂಆನ್‌ನೆಕ್ಸ್ಟ್‌ಲೇಔಟ್ ಬೇರೆ ಸ್ವಭಾವದ್ದು. ಅದು ಮುಂದಿನ ಲೇಔಟ್‌ಗೇ ಕಾಯುತ್ತದೆ. ಎಲ್ಲ ಮುಗಿದ ಮೇಲೆ ಅದನ್ನು ಕರೆದರೆ ಎಷ್ಟು ಹೊತ್ತು ಕೂತರೂ ಓಡದೇ ಇರಬಹುದು.

ಡೂಆನ್‌ಪ್ರೀಡ್ರಾ ಓಡುವುದು ಇಡೀ ಸ್ಕ್ರೀನಿನ ಲೇಔಟ್ ಮುಗಿದು, ಇನ್ನೇನು ಬರೆಯಬೇಕು ಅನ್ನುವಾಗ. ಎರಡು ಮೂರು ವ್ಯೂಗಳ ಅಳತೆ ಒಟ್ಟಿಗೆ ಬೇಕಾದರೆ ಇದೇ ಒಳ್ಳೆಯದು. ಡೂಆನ್‌ಲೇಔಟ್‌ನಲ್ಲಿ ನಿಮ್ಮ ವ್ಯೂದು ಮುಗಿದಿರುತ್ತದೆ, ಪಕ್ಕದ ಡಬ್ಬಿಯದು ಮುಗಿದಿದೆ ಅಂತ ಗ್ಯಾರಂಟಿ ಇಲ್ಲ. ನಮ್ಮ ಗೆರೆಗೆ ಪದದ ಡಬ್ಬಿಯೂ ಬೇಕು, ಗೆರೆ ಬರೆಯುವ ಪಟ್ಟಿಯೂ ಬೇಕು. ಅದಕ್ಕೆ ಮೊದಲ ಸಲದ ಅಳತೆಯನ್ನು ನಾನು ಪ್ರೀಡ್ರಾದಲ್ಲೇ ತೆಗೆಯುತ್ತೇನೆ.

ಬರೀ 'ಪೋಸ್ಟ್' ಕೂಡ ಸಾಮಾನ್ಯವಾಗಿ ನಡೆಯುತ್ತದೆ. ಆನ್‌ಕ್ರಿಯೇಟ್‌ನಲ್ಲಿ ವ್ಯೂ ಮೇಲೆ ಪೋಸ್ಟ್ ಮಾಡಿದ್ದು ಮೊದಲ ಲೇಔಟ್ ಆದ ಮೇಲೇ ಓಡುತ್ತದೆ. ಆದರೆ ಅಷ್ಟರಲ್ಲಿ ಮೊದಲ ಫ್ರೇಮ್ ಬರೆದಾಗಿರಬಹುದು. ಗೆರೆ ಇಲ್ಲದ ಸ್ಕ್ರೀನ್ ಒಂದು ಕ್ಷಣ ಮಿಂಚಿ, ಆಮೇಲೆ ಗೆರೆ ಬರುತ್ತದೆ.

ಹಳೇ ಪಾಠಗಳಲ್ಲಿ ಸಿಗುವ ಗ್ಲೋಬಲ್ ಲೇಔಟ್ ಲಿಸನರ್ ಬಗ್ಗೆ ಒಂದೇ ಮಾತು: ಹಚ್ಚಿದವರು ತೆಗೆಯಲೂಬೇಕು. ತೆಗೆಯದಿದ್ದರೆ ಸ್ಕ್ರೀನಿನಲ್ಲಿ ಎಲ್ಲೇ ಲೇಔಟ್ ಬದಲಾದರೂ ನಿಮ್ಮ ಕೋಡ್ ಮತ್ತೆ ಮತ್ತೆ ಓಡುತ್ತದೆ. ಕೀಬೋರ್ಡ್ ಬಂದಾಗೆಲ್ಲ ಆ್ಯಪ್ ತಡವರಿಸಿದರೆ ಮೊದಲು ಇದನ್ನೇ ಹುಡುಕಿ.

ಇನ್ನೊಬ್ಬರು ತಾವೇ 'ಮೆಷರ್' ಕರೆದು, ಎರಡೂ ಕಡೆ 'ಅನ್‌ಸ್ಪೆಸಿಫೈಡ್' ಕೊಟ್ಟಿದ್ದರು. ಸಂಖ್ಯೆ ಬಂತು, ಸೊನ್ನೆಯಲ್ಲ, ಖುಷಿಯಾಗಿಬಿಟ್ಟರು. ಆದರೆ ಅದು "ಜಾಗಕ್ಕೆ ಮಿತಿಯೇ ಇಲ್ಲದಿದ್ದರೆ ಎಷ್ಟು ಬೇಕಿತ್ತು" ಅನ್ನೋದರ ಉತ್ತರ. ಎರಡು ಸಾಲಿಗೆ ಮುರಿಯಬೇಕಾದ ವಾಕ್ಯ ಅದರ ಪ್ರಕಾರ ಒಂದೇ ಉದ್ದ ಸಾಲು. ಪಾಪ್‌ಅಪ್ ತೋರಿಸುವ ಮುಂಚೆ ಅಂದಾಜು ಬೇಕಾದರೆ ಇದು ಸರಿ, ಪರದೆ ಮೇಲೆ ಆಗಲೇ ಇರುವ ವ್ಯೂಗೆ ಬೇಡ.

## ಹಂತ 4: ಯಾವ ಅಳತೆ ಅಂತ ತೀರ್ಮಾನಿಸಿ

ಹೊತ್ತು ಸರಿ ಹಿಡಿದವರೂ ಇಲ್ಲಿ ತಪ್ಪುತ್ತಾರೆ. ಗೆರೆ ಬಂತು, ಆದರೆ ಪದಕ್ಕಿಂತ ದುಪ್ಪಟ್ಟು ಉದ್ದ. ಯಾಕೆ? 216 ಅನ್ನೋದು ಡಬ್ಬಿಯ ಅಗಲ. ಅದರಲ್ಲಿ ಪ್ಯಾಡಿಂಗ್ (ಅಂಚಿಗೂ ಪದಕ್ಕೂ ನಡುವೆ ಬಿಟ್ಟ ಜಾಗ) ಸೇರಿದೆ, ಖಾಲಿ ಜಾಗ ಸೇರಿದೆ.

ಪದದ ಅಗಲ ಬೇಕಾದರೆ ಟೆಕ್ಸ್ಟ್‌ವ್ಯೂ (ಪದ ತೋರಿಸುವ ವ್ಯೂ) ಒಳಗಿನ ಲೇಔಟ್‌ನಿಂದ ಗೆಟ್‌ಲೈನ್‌ವಿಡ್ತ್ ಕೇಳಿ, ಸಾಲು ಸೊನ್ನೆ ಅಂತ ಕೊಡಿ. ನನ್ನ ಫೋನಿನಲ್ಲಿ 'ಇಸ್ತ್ರಿ'ಗೆ 118 ಬಂತು. ಪದ ಡಬ್ಬಿಯ ನಡುವೆ ಇದೆ, ಹಾಗಾಗಿ 216ರಲ್ಲಿ 118 ಕಳೆದು ಅರ್ಧ ಮಾಡಿದರೆ 49. ಇಸ್ತ್ರಿ ನಾಲ್ಕನೇ ಡಬ್ಬಿ, ಅದರ ಎಡ ಅಂಚು 648. ಗೆರೆ 697ರಲ್ಲಿ ಶುರುವಾಗಿ 815ಕ್ಕೆ ಮುಗಿಯಬೇಕು. ಈ ಲೆಕ್ಕವನ್ನು ಒಂದು ಸಲ ಪೇಪರ್ ಮೇಲೆ ಮಾಡಿ ನೋಡಿ, ಕೋಡ್ ಆಮೇಲೆ ಬರೆಯಿರಿ. ನೇರ ಕೋಡ್‌ಗೆ ಇಳಿದವರು ಪ್ಯಾಡಿಂಗ್ ಅನ್ನು ಎರಡು ಸಲ ಕಳೆದು ಕೂತಿರುತ್ತಾರೆ.

ಎಡ ಅಂಚು ಅನ್ನೋದು ಆ ವ್ಯೂನ ಪೇರೆಂಟ್‌ನಿಂದ ಎಣಿಸಿದ್ದು, ಪರದೆಯಿಂದ ಅಲ್ಲ. ಗೆರೆಯೂ ಅದೇ ಪೇರೆಂಟ್ ಒಳಗಿದ್ದರೆ ತೊಂದರೆ ಇಲ್ಲ. ಬೇರೆ ಕಡೆ ಇದ್ದರೆ ಎರಡಕ್ಕೂ ಗೆಟ್‌ಲೊಕೇಶನ್‌ಇನ್‌ವಿಂಡೋ ಕೇಳಿ ವ್ಯತ್ಯಾಸ ತೆಗೆಯಿರಿ. ಪಟ್ಟಿ ಅಡ್ಡಕ್ಕೆ ಸ್ಕ್ರಾಲ್ ಆಗುತ್ತಿದ್ದರೆ ಸ್ಕ್ರಾಲ್ ಆದದ್ದು ಎಡ ಅಂಚಿನಲ್ಲಿ ಸೇರುವುದಿಲ್ಲ ಅನ್ನೋದೂ ನೆನಪಿರಲಿ.

ಬಂದ ಸಂಖ್ಯೆಗಳೆಲ್ಲ ಪಿಕ್ಸೆಲ್. ಡಿಸೈನ್‌ನಲ್ಲಿರುವುದು ಡಿಪಿ, ಅಂದರೆ ಯಾವ ಪರದೆಯಲ್ಲೂ ಕಣ್ಣಿಗೆ ಹೆಚ್ಚುಕಮ್ಮಿ ಅಷ್ಟೇ ಕಾಣುವ ಅಳತೆ. 160 ಡಿಪಿಐ (ಇಂಚಿಗೆ 160 ಚುಕ್ಕಿ) ಪರದೆಯಲ್ಲಿ ಎರಡೂ ಒಂದೇ, 480 ಡಿಪಿಐ ಪರದೆಯಲ್ಲಿ ಒಂದು ಡಿಪಿಗೆ ಮೂರು ಪಿಕ್ಸೆಲ್. ನಮ್ಮ 216 ಆಗ 72 ಡಿಪಿ. "ಗೆರೆ ನನ್ನ ಫೋನಿನಲ್ಲಿ ಸರಿ, ಗೆಳೆಯನ ಫೋನಿನಲ್ಲಿ ದಪ್ಪ" ಅಂದರೆ ಎಲ್ಲೋ ಒಂದು ಕಡೆ ಡಿಪಿಯನ್ನೂ ಪಿಕ್ಸೆಲ್ಲನ್ನೂ ಕೂಡಿಸಿದ್ದೀರಿ.

## ಹಂತ 5: ಅಳೆದದ್ದನ್ನು ಬಳಸುವಾಗ ಮತ್ತೆ ಲೇಔಟ್ ಕೆದಕಬೇಡಿ

ಅಳತೆ ಸಿಕ್ಕ ಕೂಡಲೇ ಗೆರೆಯ ಲೇಔಟ್ ಪ್ಯಾರಮ್ಸ್ ಬದಲಿಸುವುದು ಎಲ್ಲರ ಮೊದಲ ಯೋಚನೆ. ಹಾಗೆ ಮಾಡಿದರೆ ಹೊಸ ಲೇಔಟ್‌ಗೆ ಅರ್ಜಿ ಹಾಕಿದ ಹಾಗೆ. ಲೇಔಟ್ ನಡೆಯುತ್ತಿರುವಾಗಲೇ ಅರ್ಜಿ ಹಾಕಿದರೆ ರಿಕ್ವೆಸ್ಟ್‌ಲೇಔಟ್ ಅನ್ನು ತಪ್ಪಾಗಿ ಕರೆದಿದ್ದೀರಿ ಅಂತ ಲಾಗ್‌ಕ್ಯಾಟ್ (ಲಾಗ್ ಕಾಣುವ ಕಿಟಕಿ) ಬೈಯಬಹುದು. ಪ್ರೀಡ್ರಾದಲ್ಲಿ ಹಾಕಿದರೆ ಮುಂದಿನ ಫ್ರೇಮ್‌ವರೆಗೆ ಗೆರೆ ಹಳೇ ಜಾಗದಲ್ಲೇ ನಿಂತಿರುತ್ತದೆ.

ನಾನು ಹೇಳುವುದು: ಗೆರೆಯನ್ನು ಬೇರೆ ವ್ಯೂ ಮಾಡಿ ಅದರ ಅಗಲ ಹಿಗ್ಗಿಸಿ ಕುಗ್ಗಿಸಬೇಡಿ. ಪಟ್ಟಿಯ ಪೂರ್ತಿ ಅಗಲದ ಒಂದು ಚಿಕ್ಕ ಕಸ್ಟಮ್ ವ್ಯೂ ಇಡಿ. ಅದಕ್ಕೆ ಶುರು, ಕೊನೆ ಅಂತ ಎರಡು ಸಂಖ್ಯೆ ಕೊಡಿ. ಅದು ತನ್ನ ಆನ್‌ಡ್ರಾದಲ್ಲಿ ಗೆರೆ ಎಳೆಯುತ್ತದೆ. ಸಂಖ್ಯೆ ಬದಲಾದಾಗ ಇನ್‌ವ್ಯಾಲಿಡೇಟ್ ಸಾಕು. ಮೆಷರ್ ಇಲ್ಲ, ಲೇಔಟ್ ಇಲ್ಲ, ಬರೀ ಡ್ರಾ. ಗೆರೆ ಜಾರಿಸುವ ಆ್ಯನಿಮೇಷನ್ ಕೂಡ ಇದರಲ್ಲಿ ನುಣುಪಾಗಿ ಬರುತ್ತದೆ.

ಗೆರೆಯಲ್ಲದ ಬೇರೆ ವಸ್ತುವಾದರೆ, ಸುಮ್ನೆ ಜಾಗ ಬದಲಿಸಲು ಟ್ರಾನ್ಸ್‌ಲೇಷನ್ ಎಕ್ಸ್ ಬಳಸಿ. ಅದೂ ಲೇಔಟ್ ಕೆದಕುವುದಿಲ್ಲ. ಸ್ಕೇಲ್ ಎಕ್ಸ್‌ನಿಂದ ದೊಡ್ಡದು ಮಾಡಿದ ವ್ಯೂ ಪರದೆಯಲ್ಲಿ ದೊಡ್ಡದಾಗಿ ಕಂಡರೂ ಅದರ ಅಗಲ ಕೇಳಿದರೆ ಹಳೇ ಸಂಖ್ಯೆಯನ್ನೇ ಹೇಳುತ್ತದೆ.

## ಹಂತ 6: ಅಳತೆ ಬದಲಾದಾಗ ಮತ್ತೆ ಅಳೆಯಿರಿ

ಯೂನಿಟ್ ಮಾಲೀಕರಿಗೆ ಮೊದಲ ಸಲ ಆ್ಯಪ್ ತೋರಿಸಲು ಹೋದಾಗ ನಾವೆಲ್ಲ ಗೆರೆಯನ್ನೇ ನೋಡುತ್ತಿದ್ದೆವು. ಅವರು ಚಸ್ಮಾ ಏರಿಸಿಕೊಂಡು ಕೇಳಿದ್ದು ಬೇರೆ: "ಏನಪ್ಪಾ, ಇಸ್ತ್ರಿ ಅರ್ಧಾನೇ ಐತಲ್ಲ?" ಅವರ ಫೋನಿನಲ್ಲಿ ಅಕ್ಷರದ ಸೈಜ್ ಪೂರ್ತಿ ದೊಡ್ಡದಕ್ಕೆ ಇಟ್ಟಿದ್ದರು. ಪಟ್ಟಿಯ ಎತ್ತರವನ್ನು 20 ಡಿಪಿ ಅಂತ ಗಟ್ಟಿ ಮಾಡಿದ್ದರು ನಮ್ಮವರು. 'ಸ್ತ್ರಿ'ಯ ಕೆಳಗಿನ ಒತ್ತುಗಳು ಎರಡೂ ಕತ್ತರಿಸಿ ಹೋಗಿದ್ದವು.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಇದು ಬಹಳ ಮುಖ್ಯ. ಇಂಗ್ಲಿಷ್ ಪದ ಹಾಕಿ ಎತ್ತರ ಅಳೆದು ಆಮೇಲೆ ಕನ್ನಡ ತುಂಬಿದರೆ ಕೆಳಗಡೆ ಜಾಗ ಸಾಲುವುದಿಲ್ಲ. ಆಂಡ್ರಾಯ್ಡ್ 9ರಿಂದ (2018) ಟೆಕ್ಸ್ಟ್‌ವ್ಯೂ ನಿಜವಾಗಿ ಬಳಸಿದ ಫಾಂಟಿನ ಎತ್ತರ ನೋಡಿ ಸಾಲಿಗೆ ಜಾಗ ಕೊಡುತ್ತದೆ. ಹಾಗಾಗಿ ಒಂದೇ ಡಬ್ಬಿ ಇಂಗ್ಲಿಷ್‌ಗೆ ಒಂದು ಎತ್ತರ, ಕನ್ನಡಕ್ಕೆ ಇನ್ನೊಂದು ಎತ್ತರ ಆಗಬಹುದು. ಎತ್ತರವನ್ನು ರ‍್ಯಾಪ್ ಕಂಟೆಂಟ್‌ಗೆ ಬಿಡಿ. ಆಂಡ್ರಾಯ್ಡ್ 14ರಲ್ಲಿ (2023) ಅಕ್ಷರ 200 ಪರ್ಸೆಂಟ್‌ವರೆಗೆ ದೊಡ್ಡದಾಗುತ್ತದೆ. ಅದೂ ಎಲ್ಲ ಸೈಜಿಗೂ ಒಂದೇ ಗುಣಾಕಾರದಲ್ಲಿ ಅಲ್ಲ, ಮೊದಲೇ ದೊಡ್ಡದಿರುವ ಅಕ್ಷರ ಕಮ್ಮಿ ಬೆಳೆಯುತ್ತದೆ. ಆದ್ದರಿಂದ "ಹಳೇ ಅಗಲವನ್ನು ಸ್ಕೇಲ್‌ನಿಂದ ಗುಣಿಸಿಬಿಡೋಣ" ಅನ್ನೋ ಜಾಣತನ ನಡೆಯುವುದಿಲ್ಲ. ಅಳತೆಯನ್ನು ಎಲ್ಲೂ ಉಳಿಸಿಡಬೇಡಿ, ಪ್ರತಿ ಸಲ ಹೊಸದಾಗಿ ತೆಗೆಯಿರಿ.

ಫೋನ್ ತಿರುಗಿಸಿದಾಗ ಆ್ಯಕ್ಟಿವಿಟಿ (ಆ್ಯಪ್‌ನ ಒಂದು ಸ್ಕ್ರೀನ್) ಮತ್ತೆ ಹುಟ್ಟುತ್ತದೆ, ಅಳತೆಯೂ ತಾನೇ ಹೊಸದಾಗುತ್ತದೆ. ಆದರೆ ಎಲ್ಲಿಂದಲೋ ನಕಲು ಮಾಡಿದ ಕಾನ್ಫಿಗ್‌ಚೇಂಜಸ್ ಸಾಲು (ತಿರುಗಿಸಿದರೂ ಮತ್ತೆ ಹುಟ್ಟಿಸಬೇಡ ಅನ್ನುವುದು) ಮ್ಯಾನಿಫೆಸ್ಟ್‌ನಲ್ಲಿ ಕೂತಿದ್ದರೆ ಹಾಗಾಗುವುದಿಲ್ಲ. ಡೂಆನ್‌ಲೇಔಟ್ ಒಂದೇ ಸಲ ಓಡಿ ಮುಗಿದಿರುತ್ತದೆ, ಗೆರೆ ಹಳೇ ಜಾಗದಲ್ಲೇ ಉಳಿಯುತ್ತದೆ. ಇಂಥ ಕಡೆ ಪಟ್ಟಿಗೆ ಆ್ಯಡ್‌ಆನ್‌ಲೇಔಟ್‌ಚೇಂಜ್ ಲಿಸನರ್ ಹಚ್ಚಿ. ಅದು ಹಳೇ ಅಂಚು, ಹೊಸ ಅಂಚು ಎರಡನ್ನೂ ಕೊಡುತ್ತದೆ. ಒಂದೇ ಇದ್ದರೆ ಸುಮ್ಮನೆ ವಾಪಸ್ ಹೋಗಿ.

ಪದವೇ ಬದಲಾಗುವ ಕಡೆ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಆ್ಯಪ್‌ನಲ್ಲಿ 'ವಾಷಿಂಗ್' ಇದ್ದದ್ದು 'ವಾಷಿಂಗ್ 12' ಆಗುತ್ತದೆ, ಎಷ್ಟು ಆರ್ಡರ್ ಕಾಯ್ತಿವೆ ಅಂತ. ಡಬ್ಬಿಯ ಅಗಲ ಸಮಪಾಲಿನದ್ದು, ಬದಲಾಗುವುದಿಲ್ಲ. ಎತ್ತರವೂ ಅಷ್ಟೇ. ಆಗ ಟೆಕ್ಸ್ಟ್‌ವ್ಯೂ ಹೊಸ ಲೇಔಟ್ ಕೇಳುವುದೇ ಇಲ್ಲ, ಒಳಗೊಳಗೇ ಪದ ಬದಲಿಸಿ ಮತ್ತೆ ಬರೆಯುತ್ತದೆ. ನಿಮ್ಮ ಲಿಸನರ್‌ಗೆ ಸುದ್ದಿಯೇ ಬರುವುದಿಲ್ಲ, ಗೆರೆ ಹಳೇ ಪದದಷ್ಟೇ ಉದ್ದ ಉಳಿಯುತ್ತದೆ. ಇದನ್ನು ಹುಡುಕಲು ನಮಗೆ ಎರಡು ಸಂಜೆ ಹಿಡಿಯಿತು. ಪರಿಹಾರ ಒಂದೇ ಸಾಲಿನದು: ಪದ ಬದಲಿಸಿದ ಕೂಡಲೇ ನೀವೇ ಮತ್ತೆ ಡೂಆನ್‌ಲೇಔಟ್ ಕರೆಯಿರಿ. ಲೇಔಟ್ ಬೇಕಿಲ್ಲದಿದ್ದರೆ ಆಗಲೇ ಓಡುತ್ತದೆ, ಬೇಕಿದ್ದರೆ ಆದ ಮೇಲೆ ಓಡುತ್ತದೆ.

## ಹಂತ 7: ಕಾಣದ ವ್ಯೂ, ಹೋಗಿಬಿಟ್ಟ ಸ್ಕ್ರೀನ್

ಮೊದಲಿಂದಲೇ 'ಗಾನ್' (ಕಾಣುವುದೂ ಇಲ್ಲ, ಜಾಗವೂ ಇಲ್ಲ) ಇರುವ ವ್ಯೂಗೆ ಅಳತೆಯೇ ಇರುವುದಿಲ್ಲ. ಡೂಆನ್‌ಲೇಔಟ್ ಹಾಕಿದರೂ ಅದು ಕಾಣುವವರೆಗೆ ಕಾಯುತ್ತಲೇ ಇರುತ್ತದೆ. ಮಧ್ಯದಲ್ಲಿ ಗಾನ್ ಮಾಡಿದರೆ ಇನ್ನೂ ಮೋಸ, ಹಳೇ ಸಂಖ್ಯೆಯನ್ನೇ ಹೇಳಬಹುದು. ಅಳೆಯಬೇಕು ಆದರೆ ಕಾಣಬಾರದು ಅಂದರೆ 'ಇನ್‌ವಿಸಿಬಲ್' ಮಾಡಿ. ಅದಕ್ಕೆ ಜಾಗವೂ ಸಿಗುತ್ತದೆ, ಅಳತೆಯೂ ಸಿಗುತ್ತದೆ.

ಫ್ರಾಗ್ಮೆಂಟ್‌ನಲ್ಲಿ (ಸ್ಕ್ರೀನಿನೊಳಗಿನ ಒಂದು ಭಾಗ) ಕ್ರ್ಯಾಶ್ ಆಗುವುದು ಬೇರೆ ಕಾರಣಕ್ಕೆ. ಬಳಕೆದಾರ ಬ್ಯಾಕ್ ಒತ್ತಿ ಹೋಗಿರುತ್ತಾನೆ, ಬೈಂಡಿಂಗ್ (ವ್ಯೂಗಳನ್ನು ಕೋಡ್‌ಗೆ ಜೋಡಿಸುವ ಕೊಂಡಿ) ನಲ್, ಅಂದರೆ ಖಾಲಿ, ಆಗಿರುತ್ತದೆ, ಪೋಸ್ಟ್ ಮಾಡಿದ್ದು ಆಮೇಲೆ ಓಡುತ್ತದೆ. ಕಾಲ್‌ಬ್ಯಾಕ್ ಒಳಗೆ ಬೈಂಡಿಂಗ್ ಮುಟ್ಟುವ ಬದಲು ಅದಕ್ಕೇ ಸಿಕ್ಕಿರುವ ವ್ಯೂ ಬಳಸಿ, ಇಲ್ಲವೇ ಮೊದಲು ನಲ್ ಇದೆಯಾ ನೋಡಿ.

ರೀಸೈಕ್ಲರ್‌ವ್ಯೂ (ಹಳೇ ಸಾಲನ್ನೇ ಮತ್ತೆ ಬಳಸುವ ಪಟ್ಟಿ) ಸಾಲುಗಳಲ್ಲಿ ಆನ್‌ಬೈಂಡ್ ಒಳಗೆ ನೇರವಾಗಿ ಅಗಲ ಕೇಳಬೇಡಿ. ಆ ಸಾಲು ಮುಂಚೆ ಬೇರೆ ಆರ್ಡರ್‌ದಾಗಿತ್ತು, ನಿಮಗೆ ಸಿಗುವುದು ಅದರ ಅಳತೆ. ಸೊನ್ನೆಗಿಂತ ಇದು ಅಪಾಯ, ಯಾಕಂದರೆ ಸಂಖ್ಯೆ ನಿಜದಂತೆ ಕಾಣುತ್ತದೆ.

## ಕಂಪೋಸ್‌ನಲ್ಲಿ ಬರೆಯುವವರಿಗೆ

ಕಂಪೋಸ್ ಅಂದರೆ ಎಕ್ಸ್‌ಎಂಎಲ್ ಇಲ್ಲದೆ ಕಾಟ್ಲಿನ್‌ನಲ್ಲೇ ಪರದೆ ಬರೆಯುವ ರೀತಿ. ಕ್ರಮ ಇದೇ, ಹೆಸರುಗಳು ಬೇರೆ. ಅಳತೆಗೆ ಆನ್‌ಸೈಜ್‌ಚೇಂಜ್ಡ್, ಜಾಗವೂ ಬೇಕಾದರೆ ಆನ್‌ಗ್ಲೋಬಲಿಪೊಸಿಷನ್ಡ್. ಎರಡನೆಯದು ಸ್ಕ್ರಾಲ್ ಮಾಡಿದಾಗಲೂ ಓಡುತ್ತದೆ, ಸುಮ್ಮನೆ ಹಚ್ಚಬೇಡಿ. ಬರುವುದು ಪಿಕ್ಸೆಲ್, ಡಿಪಿಗೆ ತಿರುಗಿಸಲು ಲೋಕಲ್ ಡೆನ್ಸಿಟಿ ಬೇಕು.

ಮಾಡಿಫೈಯರ್‌ಗಳ ಸಾಲಿನಲ್ಲಿ ಯಾವುದು ಮುಂದೆ ಅನ್ನೋದು ಮುಖ್ಯ. ಪ್ಯಾಡಿಂಗ್‌ಗಿಂತ ಮುಂಚೆ ಆನ್‌ಸೈಜ್‌ಚೇಂಜ್ಡ್ ಬರೆದರೆ ಪ್ಯಾಡಿಂಗ್ ಸೇರಿದ ಅಳತೆ. ಆಮೇಲೆ ಬರೆದರೆ ಒಳಗಿನದು ಮಾತ್ರ. ಮತ್ತೆ, ಅಲ್ಲಿ ಸಿಕ್ಕ ಅಳತೆಯನ್ನು ಸ್ಟೇಟ್‌ಗೆ ಹಾಕಿ ಬೇರೆಯದರ ಸೈಜ್ ಬದಲಿಸಿದರೆ ಅದು ಕಾಣುವುದು ಮುಂದಿನ ಫ್ರೇಮ್‌ನಲ್ಲಿ. ಮಿಂಚು ಕಂಡರೆ ಕಾರಣ ಇದೇ. ಆಗ ನಿಮ್ಮದೇ ಕಸ್ಟಮ್ ಲೇಔಟ್ ಬರೆಯುವುದು ಸರಿ.

## ಹಂತ 8: ಕೈಯಿಂದ ಕೊಡುವ ಮುಂಚೆ ನೋಡಿ

ಆ್ಯಪ್ ಪೂರ್ತಿ ಮುಚ್ಚಿ ಹೊಸದಾಗಿ ತೆರೆಯಿರಿ. ಮೊದಲ ಸಲವೇ ಗೆರೆ ಬರಬೇಕು. ಫಾಂಟ್ ಸೈಜ್ ಕೊನೆಯವರೆಗೆ ಎಳೆದು ನೋಡಿ, ಡಿಸ್‌ಪ್ಲೇ ಸೈಜ್ ಕೂಡ. ಸ್ಪ್ಲಿಟ್ ಸ್ಕ್ರೀನ್‌ನಲ್ಲಿ ಅರ್ಧ ಪರದೆಗೆ ತಳ್ಳಿ ನಡುವಿನ ಗೆರೆ ಹಿಡಿದು ಎಳೆದಾಡಿ. ಭಾಷೆ ಕನ್ನಡದಿಂದ ಇಂಗ್ಲಿಷ್‌ಗೆ, ಮತ್ತೆ ಕನ್ನಡಕ್ಕೆ ಬದಲಿಸಿ. ಆ್ಯಪ್‌ನ ಟಾರ್ಗೆಟ್ 35 ಆಗಿದ್ದರೆ ಆಂಡ್ರಾಯ್ಡ್ 15 ಫೋನಿನಲ್ಲಿ ಆ್ಯಪ್‌ನ ಪರದೆ ಸ್ಟೇಟಸ್ ಬಾರ್‌ನ ಹಿಂದಿನಿಂದಲೇ, ಅಂದರೆ ತೀರಾ ಮೇಲಿನ ಅಂಚಿನಿಂದಲೇ ಶುರುವಾಗುತ್ತದೆ. ಮೇಲಿನ ಪಟ್ಟಿ ಗಡಿಯಾರದ ಜೊತೆ ಕಚ್ಚಿಕೊಂಡಿದ್ದರೆ ಅಳತೆಯಲ್ಲಿ ತಪ್ಪಿಲ್ಲ, ವಿಂಡೋ ಇನ್‌ಸೆಟ್ಸ್ (ಸ್ಟೇಟಸ್ ಬಾರ್‌ನಂಥವಕ್ಕೆ ಬಿಡಬೇಕಾದ ಜಾಗ) ಸೇರಿಸಿಲ್ಲ ಅಷ್ಟೇ.

ಚಾರ್ಜಿಗೆ ಹಾಕಿಟ್ಟ ಹಳೇ ಫೋನ್ ತೆಗೆದು ಅದರಲ್ಲಿ ಇದನ್ನೆಲ್ಲ ಇನ್ನೊಂದು ಸಲ ಮಾಡಿ. ಎರಡೂ ಕಡೆ ಗೆರೆ ಪದದ ಕೆಳಗೇ ಕೂತರೆ, ಹಂತ 2ರಲ್ಲಿ ಹಾಕಿದ ನಾಲ್ಕು ಲಾಗ್ ಸಾಲುಗಳನ್ನು ಅಳಿಸಿ ಬಿಲ್ಡ್ ಮಾಡಿ.